ಒಡೆದ ಬಿಸ್ಕತ್ತಿನ ಡಬ್ಬ

ಇಂದಿನ ಸಭೆಯ ಅಧ್ಯಕ್ಷರಾದ, ನಮ್ಮ ಬಿಸ್ಕತ್ತು ಕಾರ್ಖಾನೆಯ ಮಾನ್ಯ ವ್ಯವಸ್ಥಾಪಕರೇ. ಈಗಷ್ಟೇ ಸನ್ಮಾನ ಸ್ವೀಕರಿಸಿ, ಕೊಟ್ಟ ಹೂಗುಚ್ಛವನ್ನು ಎಲ್ಲಿಡಬೇಕೆಂದು ತಿಳಿಯದೆ ಚೆಂಡಿನ ಹಾಗೆ ಕಂಕುಳಲ್ಲಿ ಅವುಚಿಕೊಂಡು ಕುಳಿತಿರುವ ನಮ್ಮ ಹಿರಿಯ ಕೋಚ್ ಅವರೇ. ಕಾರ್ಖಾನೆಯ ಫುಟ್‌ಬಾಲ್ ಕ್ಲಬ್ಬಿನ ಹದಿಮೂರು ಜನ ಸಮಿತಿ ಸದಸ್ಯರೇ. ಎಡಗಡೆಯ ಮೂರು ಸಾಲುಗಳಲ್ಲಿ ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ಕುಳಿತಿರುವ ಹದಿನೆಂಟು ಆಟಗಾರರೇ. ಹಿಟ್ಟು ಕಲಸುವ ವಿಭಾಗ, ಓವನ್ ವಿಭಾಗ, ಪ್ಯಾಕಿಂಗ್ ವಿಭಾಗಗಳಿಂದ ಬಂದಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ. ಮತ್ತು ಚಹಾ ಯಾವ ಬಾಗಿಲಿನಿಂದ ಬರುತ್ತದೆ ಎಂದು ಆಗಿನಿಂದ ಹಿಂದಕ್ಕೇ ತಿರುಗಿ ನೋಡುತ್ತಿರುವ ಸಮಸ್ತ ಸಭಿಕರೇ,

ಚಹಾ ನನ್ನ ಮಾತು ಮುಗಿದ ಮೇಲೆ. ಇದು ನಿರೂಪಕರ ಉಪಾಯ. ಚಹಾದ ಆಸೆಗಾದರೂ ನಾನು ಬೇಗ ಮುಗಿಸುತ್ತೇನೆ ಎಂದು ಅವರು ತಿಳಿದಿದ್ದಾರೆ. ಅವರಿಗೆ ಗೊತ್ತಿಲ್ಲದ ಸಂಗತಿಯೆಂದರೆ ನಾನು ಬರುವಾಗಲೇ ಅಡುಗೆಮನೆಗೆ ಹೋಗಿ ಎರಡು ಲೋಟ ಕುಡಿದು ಬಂದಿದ್ದೇನೆ.

ನಮ್ಮ ಕ್ಲಬ್ಬಿಗೆ ಐವತ್ತು ವರ್ಷ ತುಂಬಿದೆ. ಅದಕ್ಕಾಗಿ ಈ ಸಭೆ, ಈ ಹೂವು, ಹತ್ತು ನಿಮಿಷಕ್ಕೊಮ್ಮೆ ಕಿರುಚುವ ಈ ಮೈಕು. ಇವೆಲ್ಲ ಸಂತೋಷದ ವಿಷಯ. ಆದರೆ ನೀವು ಬಂದಿರುವುದು ಸಂತೋಷಕ್ಕಲ್ಲ ಎಂದು ನನಗೆ ಗೊತ್ತು. ನನ್ನ ಜೇಬಿನಲ್ಲಿರುವ ಲಕೋಟೆಗಾಗಿ ಬಂದಿದ್ದೀರಿ. ಇದರಲ್ಲಿ ಮೂರು ಹೆಸರುಗಳಿವೆ. ಕ್ಲಬ್ಬಿನ ಖರ್ಚು ಕಾಲು ಭಾಗ ಇಳಿಯಬೇಕು, ಅದಕ್ಕಾಗಿ ಸರಿಯಾಗಿ ಆಡದ ಮೂವರು ಆಟಗಾರರನ್ನು ತಂಡದಿಂದ ಕೈಬಿಡಬೇಕು ಎಂದು ಆಫೀಸಿನಿಂದ ಆದೇಶ ಬಂದಿದೆ. ಪಟ್ಟಿ ಮಾಡಿದವನು ಆಯ್ಕೆ ಸಮಿತಿಯ ಮುಖ್ಯಸ್ಥನಾದ ನಾನು. ಓದಬೇಕಾದವನೂ ನಾನೇ. ತಂಡದಿಂದ ಬಿಟ್ಟರೆ ಮನೆಯಲ್ಲಿ ಕೂತು ಟಿವಿಯಲ್ಲಿ ಆಟ ನೋಡಬಹುದು ಎಂದು ಯಾರೂ ತಿಳಿಯಬೇಡಿ. ಆಟದ ಲೆಕ್ಕದಲ್ಲಿ ಕೆಲಸಕ್ಕೆ ಸೇರಿ ಇನ್ನೂ ಕಾಯಂ ಆಗದವರು ತಂಡದಿಂದ ಹೋದರೆ ಕೆಲಸದಿಂದಲೂ ಹೋದಂತೆ. ಬರುವ ತಿಂಗಳ ಒಂದನೇ ತಾರೀಖು ಗೇಟಿನಲ್ಲಿ ಅವರ ಕಾರ್ಡು ತೆಗೆದುಕೊಳ್ಳುವುದಿಲ್ಲ.

ಇಂಥ ಕೆಲಸಕ್ಕೆ ನನ್ನನ್ನೇ ಯಾಕೆ ಆರಿಸಿದರು? ನನಗಿಂತ ಯೋಗ್ಯ ಆಸಾಮಿ ಸಿಗಲಿಲ್ಲ, ಅದಕ್ಕೆ. ಸಭಿಕರೇ, ತೆಗೆಯುವುದೇ ನನ್ನ ಉದ್ಯೋಗ. ಮೂವತ್ತೆರಡು ವರ್ಷ ಆಯಿತು. ಓವನ್ನಿನಿಂದ ಬಿಸ್ಕತ್ತು ಬೆಲ್ಟಿನ ಮೇಲೆ ಬರುತ್ತದೆ, ನಾವು ಎರಡೂ ಬದಿ ನಿಂತಿರುತ್ತೇವೆ. ಒಡೆದದ್ದು, ಸೀದದ್ದು, ಮೂಲೆ ಹೋದದ್ದು ಕಂಡರೆ ತಕ್ಷಣ ತೆಗೆದು ಪಕ್ಕದ ಡಬ್ಬಕ್ಕೆ ಹಾಕಬೇಕು. ಮೊದಲು ಹದಿನೈದು ವರ್ಷ ನಾನೇ ತೆಗೆದೆ, ಆಮೇಲೆ ತೆಗೆಯುವವರ ಮೇಲ್ವಿಚಾರಕನಾದೆ. ನನ್ನ ಕಣ್ಣು ಹೇಗಾಗಿದೆ ಎಂದರೆ ನೆಂಟರ ಮನೆಯಲ್ಲಿ ತಟ್ಟೆಯಲ್ಲಿ ಬಿಸ್ಕತ್ತು ಕೊಟ್ಟರೂ ಮೊದಲು ಮೂಲೆ ನೋಡುತ್ತೇನೆ. ನನ್ನ ಮದುವೆಯ ಫೋಟೋ ತಂದುಕೊಟ್ಟಾಗ ನಾನು ಮೊದಲು ನೋಡಿದ್ದು ಯಾವುದು ಅಲುಗಾಡಿದೆ ಎಂದು. ನಮ್ಮ ಮನೆಯವರು ಆವತ್ತು ಹೇಳಿದ ಮಾತು ಈ ವೇದಿಕೆಗೆ ತಕ್ಕದ್ದಲ್ಲ.

ನಮ್ಮ ವಿಭಾಗದ ಒಂದು ಗುಟ್ಟು ಹೇಳಲೇ? ವ್ಯವಸ್ಥಾಪಕರು ಒಂದು ನಿಮಿಷ ಕಿವಿ ಮುಚ್ಚಿಕೊಳ್ಳಬೇಕಾಗಿ ವಿನಂತಿ. ಹಿಂದೆ ಒಂದು ಪದ್ಧತಿ ಇತ್ತು. ಪಾಳಿ ಮುಗಿದಾಗ ಪ್ರತಿಯೊಬ್ಬರ ಡಬ್ಬವನ್ನೂ ಮೇಲ್ವಿಚಾರಕರು ಎತ್ತಿ ನೋಡುತ್ತಿದ್ದರು. ಭಾರ ಇದ್ದರೆ, ಭೇಷ್, ಚೆನ್ನಾಗಿ ನೋಡಿದ್ದೀಯ. ಹಗುರ ಇದ್ದರೆ, ಏನಯ್ಯ, ನಿದ್ದೆ ಮಾಡ್ತಿದ್ಯಾ? ಆದರೆ ಕೆಲವು ದಿನ ಓವನ್ ಬಹಳ ಚೆನ್ನಾಗಿ ನಡೆಯುತ್ತದೆ. ಓವನ್ ವಿಭಾಗದ ಅಣ್ಣಂದಿರು ಇದ್ದಾರೆ, ಕೇಳಿ. ಅಂಥ ದಿನ ಒಂದೂ ಒಡೆಯದೆ, ಒಂದೂ ಸೀಯದೆ, ಹೊಸ ನಾಣ್ಯದ ಹಾಗೆ ಬರುತ್ತಲೇ ಇರುತ್ತವೆ. ಆಗ ನಾವೇನು ಮಾಡುತ್ತಿದ್ದೆವು? ಆಚೆ ಈಚೆ ನೋಡಿ, ಒಳ್ಳೆಯ ಬಿಸ್ಕತ್ತನ್ನೇ ಎತ್ತಿ ಹೆಬ್ಬೆರಳಿನಿಂದ ಟಕ್ ಎಂದು ಮುರಿದು ಡಬ್ಬಕ್ಕೆ ಹಾಕುತ್ತಿದ್ದೆವು. ಬೇಲಿಯೇ ಎದ್ದು ಹೊಲ ಮೇಯ್ದಂತೆ! ಒಡೆದದ್ದನ್ನು ಹುಡುಕಲು ಸಂಬಳ ತೆಗೆದುಕೊಂಡವರು ನಾವೇ ಒಡೆಯುತ್ತಿದ್ದೆವು. ನಗಬೇಡಿ, ನಿಮ್ಮ ನಿಮ್ಮ ವಿಭಾಗದಲ್ಲೂ ಏನೇನು ನಡೆಯುತ್ತದೆ ಎಂದು ನನಗೆ ಗೊತ್ತು. ಅಧ್ಯಕ್ಷರು ಈಗ ಕಿವಿ ತೆರೆಯಬಹುದು.

ಈಗ ವಿಷಯಕ್ಕೆ ಬರೋಣ. ಸರಿಯಾಗಿ ಆಡದವರನ್ನು ಬಿಡುವುದು ತಪ್ಪೇ? ತಪ್ಪು ಎಂದು ಎದ್ದು ನಿಂತು ಚಪ್ಪಾಳೆ ಗಿಟ್ಟಿಸುವುದು ಸುಲಭ. ಆದರೆ ನಮ್ಮ ಲೆಕ್ಕದ ವಿಭಾಗದವರು ದಡ್ಡರಲ್ಲ, ಕಟುಕರೂ ಅಲ್ಲ. ಅವರು ನನ್ನನ್ನು ಕೂರಿಸಿಕೊಂಡು ಸಮಾಧಾನವಾಗಿ ಕೇಳಿದರು. "ಸಕ್ಕರೆ ಬೆಲೆ ಏರಿದೆ, ಡೀಸೆಲ್ ಬೆಲೆ ಏರಿದೆ. ಗೋಲು ಏರಿದೆಯಾ ಸರ್?" ನಾನು ಇಲ್ಲ ಎಂದೆ. "ಮತ್ತೆ ಹದಿನೆಂಟು ಜನಕ್ಕೆ ಮೊಟ್ಟೆ, ಹಾಲು, ಬೂಟು, ಭತ್ಯೆ ಯಾಕೆ? ಮೈದಾನದಲ್ಲಿ ಆಡೋದು ಹನ್ನೊಂದೇ ಜನ ಅಲ್ವಾ?" ನ್ಯಾಯವಾದ ಪ್ರಶ್ನೆ. ಅವರು ಒಬ್ಬೊಬ್ಬ ಆಟಗಾರನಿಗೂ ಒಂದು ಗೋಲಿಗೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕಿದ್ದರು. ಒಬ್ಬ ಆಟಗಾರನ ಕಡೆಯ ಹನ್ನೊಂದು ಪಂದ್ಯಗಳ ಖರ್ಚನ್ನು ಅವನು ಹೊಡೆದ ಗೋಲಿನಿಂದ ಭಾಗಿಸಲು ಹೋದರೆ ಕ್ಯಾಲ್ಕ್ಯುಲೇಟರ್ ಉತ್ತರವನ್ನೇ ಕೊಡಲಿಲ್ಲವಂತೆ. ಗೋಲು ಸೊನ್ನೆ. ಸೊನ್ನೆಯಿಂದ ಭಾಗಿಸಲು ಯಂತ್ರಕ್ಕೂ ಬರುವುದಿಲ್ಲ, ನನಗೂ ಬರುವುದಿಲ್ಲ.

ಆದ್ದರಿಂದ ಒಪ್ಪಿಕೊಂಡೆ. ನೋಟ್‌ಬುಕ್ಕು ಹಿಡಿದು ವರ್ಷದ ಇಪ್ಪತ್ತು ಪಂದ್ಯಗಳ ಲೆಕ್ಕ ತೆಗೆದೆ. ಮೂರು ಹೆಸರು ಬರೆದೆ.

ಆ ಹೆಸರುಗಳನ್ನು ನಾನು ಹೇಳದಿದ್ದರೂ ನಿಮಗೆ ಗೊತ್ತು. ನಮ್ಮ ಕಾರ್ಖಾನೆಯಲ್ಲಿ ಗುಟ್ಟು ಬಿಸ್ಕತ್ತಿಗಿಂತ ಬೇಗ ಪ್ಯಾಕ್ ಆಗಿ ಹೊರಗೆ ಹೋಗುತ್ತದೆ. ಒಂದು, ನಮ್ಮ ಎರಡನೇ ಗೋಲ್‌ಕೀಪರ್, ಮೂವತ್ತಾರು ವರ್ಷಕ್ಕೇ ನೀವೆಲ್ಲ "ಅಜ್ಜ" ಎಂದು ಕರೆಯುವವನು. ವರ್ಷದಲ್ಲಿ ಒಂದೇ ಪಂದ್ಯ ಆಡಿದ, ನಾಲ್ಕು ಗೋಲು ಬಿಟ್ಟ. ಎರಡು, ಎಡಗಡೆ ರಕ್ಷಣೆಗೆ ನಿಲ್ಲುವ "ಬಾಗಿಲು". ಆ ಹೆಸರು ಇಟ್ಟಾಗ ಅದು ಮುಚ್ಚಿದ ಬಾಗಿಲು. ಇತ್ತೀಚೆಗೆ, ಬೇಸರ ಮಾಡಿಕೊಳ್ಳಬೇಡಪ್ಪ, ಸ್ವಲ್ಪ ಗಾಳಿ ಬೆಳಕು ಓಡಾಡುತ್ತಿದೆ. ಮೂರು, ನಮ್ಮ ಮುಂಚೂಣಿಯ ಆಟಗಾರ "ಎಕ್ಸ್‌ಪ್ರೆಸ್". ನನ್ನ ವಿಭಾಗದಲ್ಲೇ ಟ್ರೇ ಜೋಡಿಸುವ ಹುಡುಗ. ಇಪ್ಪತ್ತನಾಲ್ಕು ವರ್ಷ. ಕ್ಯಾಲ್ಕ್ಯುಲೇಟರನ್ನು ನಿಲ್ಲಿಸಿದವನು ಇವನೇ.

ಈ ಎಕ್ಸ್‌ಪ್ರೆಸ್ ಬಗ್ಗೆ ನನ್ನ ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಓದುತ್ತೇನೆ. "ಗೋಲಿನ ಮುಂದೆ ಹಿಂಜರಿಕೆ. ಚೆಂಡು ಸಿಕ್ಕಾಗ ಗ್ಯಾಲರಿ ಕಡೆ ನೋಡುತ್ತಾನೆ. ಗಮನ ಬೇರೆ ಕಡೆ." ಗಮನ ಬೇರೆ ಕಡೆ ಎಂದು ಸುಮ್ಮನೆ ಬರೆದದ್ದಲ್ಲ, ಸಾಕ್ಷಿ ಇದೆ. ಪ್ರಥಮ ಚಿಕಿತ್ಸೆ ಕೊಠಡಿಯ ರಿಜಿಸ್ಟರ್ ನೋಡಿ. ಮೊದಲನೇ ವಾರ ಎಡಗಾಲಿನ ಹಿಮ್ಮಡಿ ನೋವು. ಎರಡನೇ ವಾರ ಬಲಗಾಲಿನ ಹಿಮ್ಮಡಿ. ದೇವರು ಎರಡೇ ಕಾಲು ಕೊಟ್ಟಿದ್ದರಿಂದ ಮೂರನೇ ವಾರ ಮೊಣಕೈ. ನಾಲ್ಕನೇ ವಾರ ಏನು ಬರೆಸಿದ್ದಾನೆ ಗೊತ್ತೇ? "ಸಾಮಾನ್ಯ ಆಯಾಸ." ಇಪ್ಪತ್ತನಾಲ್ಕನೇ ವಯಸ್ಸಿಗೆ ಸಾಮಾನ್ಯ ಆಯಾಸ! ಅದೂ ಸರಿಯಾಗಿ ಮಧ್ಯಾಹ್ನದ ಪಾಳಿಯ ನರ್ಸ್ ಇದ್ದಾಗಲೇ. ಬೆಳಗಿನ ಪಾಳಿಯ ನರ್ಸ್ ಇಪ್ಪತ್ತೆರಡು ವರ್ಷದ ಅನುಭವಸ್ಥೆ, ಅವರ ಹತ್ತಿರ ಒಂದು ದಿನವೂ ನೋವಾಗಲಿಲ್ಲ.

ಮಧ್ಯಾಹ್ನದ ಪಾಳಿಯ ನರ್ಸ್ ಯಾರು ಎಂದು ಕೇಳುತ್ತಿದ್ದೀರಾ? ಇಲ್ಲ, ನೀವು ಯಾರೂ ಕೇಳುತ್ತಿಲ್ಲ. ಎಲ್ಲರೂ ನಗುತ್ತಿದ್ದೀರಿ. ಹಾಗಾದರೆ ನಿಮಗೂ ಗೊತ್ತಿತ್ತು. ಇಡೀ ಕಾರ್ಖಾನೆಗೆ ಗೊತ್ತಿತ್ತು, ನನಗೊಬ್ಬನಿಗೆ ಕೊನೆಗೆ ಗೊತ್ತಾದದ್ದು. ಸರಿ, ಆ ನರ್ಸ್ ನನ್ನ ಮಗಳು. ಇದನ್ನು ನಾನು ಈ ವೇದಿಕೆಯಲ್ಲಿ ಹೇಳಬೇಕೆಂದಿರಲಿಲ್ಲ. ಹಾಳಾದ ಆ ಎರಡು ಲೋಟ ಚಹಾ.

ಸ್ವಲ್ಪ ಬೇರೆ ವಿಷಯ ಮಾತಾಡುತ್ತೇನೆ. ಸನ್ಮಾನಿತರ ಬಗ್ಗೆ ಮಾತಾಡುತ್ತೇನೆ. ಸನ್ಮಾನದ ಸಭೆಯಲ್ಲಿ ಸನ್ಮಾನಿತರ ಬಗ್ಗೆಯೂ ಯಾರಾದರೂ ಮಾತಾಡಬೇಕಲ್ಲ!

ನಮ್ಮ ಹಿರಿಯ ಕೋಚ್ ಓವನ್ ವಿಭಾಗದಲ್ಲಿ ಕೆಲಸ ಮಾಡುತ್ತ ಈ ತಂಡವನ್ನು ಕಟ್ಟಿದವರು. ಹೊಸಬರಿಗೆ ತಿಳಿಯಲಿ, ಅವರು ನನ್ನ ಮಾವ. ಮಾವನಾಗುವ ಮೊದಲು ನನ್ನ ಕೋಚ್ ಆಗಿದ್ದರು. ಹೌದು, ನಾನೂ ಆಡುತ್ತಿದ್ದೆ. ನಗುವುದಕ್ಕೆ ಇನ್ನೂ ಸಮಯ ಇದೆ, ತಡೆದುಕೊಳ್ಳಿ. ನಾನು ಎರಡು ವರ್ಷ ತಂಡದಲ್ಲಿದ್ದೆ. ಎರಡು ವರ್ಷದಲ್ಲಿ ಒಂದು ಗೋಲು ಹೊಡೆದೆ. ಅದು ನಮ್ಮ ಗೋಲಿಗೇ. ಎದುರು ತಂಡದವರು ಬಂದು ನನ್ನ ಕೈ ಕುಲುಕಿದರು. ಮೈದಾನ ಸಮ ಇಲ್ಲ ಎಂದು ನಾನು ಹೇಳಿಕೊಂಡು ತಿರುಗಿದೆ. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಗಾದೆ ಇರುವುದು ನನಗಾಗಿಯೇ ಇರಬೇಕು.

ಇಷ್ಟು ಕೆಟ್ಟದಾಗಿ ಆಡುತ್ತಿದ್ದವನನ್ನು ತಂಡದಲ್ಲಿ ಯಾಕೆ ಇಟ್ಟುಕೊಂಡಿದ್ದರು? ನನ್ನಲ್ಲಿ ಏನೋ ಪ್ರತಿಭೆ ಕಂಡಿರಬೇಕು ಎಂದು ನಾನು ಮೂವತ್ತು ವರ್ಷ ನಂಬಿಕೊಂಡು ಬಂದೆ. ಹೋದ ವಾರ ಆ ನಂಬಿಕೆಯೂ ಹೋಯಿತು.

ಹೋದ ವಾರ ಏನಾಯಿತು ಎಂದರೆ, ಇಂಥ ಪಟ್ಟಿಯನ್ನು ಹೇಗೆ ಬರೆಯಬೇಕು ಎಂದು ನನಗೆ ತಿಳಿಯಲಿಲ್ಲ. ಮಾದರಿ ಸಿಗಬಹುದೆಂದು ಕ್ಲಬ್ಬಿನ ಹಳೆಯ ಬೀರು ತೆಗೆದೆ. ಗಾಳಿ ಹೋದ ನಾಲ್ಕು ಚೆಂಡುಗಳ ಕೆಳಗೆ ಒಂದು ಫೈಲು ಇತ್ತು. ಅದರಲ್ಲಿ ಮೂವತ್ತು ವರ್ಷದ ಹಿಂದಿನ ಒಂದು ಆದೇಶ. ಆಗಲೂ ಹೀಗೆಯೇ ಕಷ್ಟಕಾಲ ಬಂದಿತ್ತಂತೆ. "ಕ್ಲಬ್ಬಿನಿಂದ ಭತ್ಯೆ ಪಡೆಯುತ್ತಿರುವವರಲ್ಲಿ ಮೂವರನ್ನು ಕೈಬಿಟ್ಟು ವರದಿ ಮಾಡತಕ್ಕದ್ದು." ಅದರ ಹಿಂದೆಯೇ ಕೋಚ್ ಕೊಟ್ಟ ಉತ್ತರ. ಓವನ್ನಿನ ಮಸಿ ಹತ್ತಿದ ಬೆರಳಿನ ಗುರುತು ಕಾಗದದ ಅಂಚಿನಲ್ಲಿ ಇನ್ನೂ ಇದೆ. ಓದುತ್ತೇನೆ, ಕೇಳಿ. "ಕೈಬಿಟ್ಟವರು: ಒಂದು, ತರಬೇತುದಾರ. ಎರಡು, ಬೂಟು ಮತ್ತು ಚೆಂಡುಗಳ ಉಸ್ತುವಾರಿ. ಮೂರು, ಅಭ್ಯಾಸ ಪಂದ್ಯಗಳ ರೆಫರಿ."

ಸಭಿಕರೇ, ಆಗ ಈ ಮೂರು ಕೆಲಸಗಳನ್ನೂ ಮಾಡುತ್ತಿದ್ದದ್ದು ಒಬ್ಬರೇ. ಮೂರಕ್ಕೂ ಸಣ್ಣ ಸಣ್ಣ ಭತ್ಯೆ ಬರುತ್ತಿತ್ತು. ಮಾವ ತಮ್ಮನ್ನೇ ಮೂರು ಸಲ ಕೈಬಿಟ್ಟರು. ಆಮೇಲೆ ಹದಿನೆಂಟು ವರ್ಷ ಮೂರೂ ಕೆಲಸವನ್ನು ಬಿಟ್ಟಿ ಮಾಡಿದರು. ಯಾರಿಗೂ ಹೇಳಲಿಲ್ಲ. ನಮ್ಮ ಅತ್ತೆಯವರು ಎರಡನೇ ಸಾಲಿನಲ್ಲಿದ್ದಾರೆ. ಆ ವರ್ಷ ತರುತ್ತೇನೆಂದ ರೇಡಿಯೋ ಯಾಕೆ ತರಲಿಲ್ಲ ಎಂದು ಅವರು ಇವತ್ತಿಗೂ ಕೇಳುತ್ತಾರೆ. ಅತ್ತೆಯವರೇ, ಉತ್ತರ ಸಿಕ್ಕಿತಲ್ಲ? ಉಳಿದದ್ದನ್ನು ದಯವಿಟ್ಟು ಮನೆಗೆ ಹೋಗಿ ಕೇಳಿ, ಇಲ್ಲಿ ಬೇಡ.

ನಾನು ಆ ಕಾಗದ ಹಿಡಿದುಕೊಂಡು ಮಾವನ ಮನೆಗೆ ಓಡಿದೆ. ಅವರು ಕುರ್ಚಿಯಲ್ಲಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

"ಮಾವ, ಆಗ ಮೂವರನ್ನ ತೆಗೀಬೇಕು ಅಂದ್ರೆ ಮೊದಲನೇ ಹೆಸರು ನಂದೇ ಇರಬೇಕಾಗಿತ್ತು. ಯಾಕೆ ತೆಗೀಲಿಲ್ಲ?" ಎಂದು ಕೇಳಿದೆ.

"ತೆಗೆದಿದ್ರೆ ಸಾಯಂಕಾಲ ಪೂರ್ತಿ ನಮ್ಮ ಬೀದೀಲಿ ಸೈಕಲ್ ಹೊಡ್ಕೊಂಡು ತಿರುಗ್ತಿದ್ದೆ. ತಂಡದಲ್ಲಿದ್ರೆ ಕಣ್ಣೆದುರಿಗೆ ಬಿದ್ದಿರ್ತೀಯ ಅಂತ ಇಟ್ಕೊಂಡೆ" ಎಂದರು.

ಅಂದರೆ ಅವರಿಗೆ ಗೊತ್ತಿತ್ತು! ಪ್ಯಾಕಿಂಗ್ ವಿಭಾಗದಲ್ಲಿದ್ದ ಅವರ ಮಗಳು ಪಾಳಿ ಮುಗಿಸಿ ಹೊರಡುವ ಹೊತ್ತಿಗೇ ನನ್ನ ಸೈಕಲ್ಲಿನ ಚೈನು ಯಾಕೆ ಕಳಚುತ್ತಿತ್ತು ಎಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ನನ್ನನ್ನು ತೆಗೆಯಲು ಅವರಿಗೆ ಒಂದಲ್ಲ, ಎರಡು ಕಾರಣ ಇದ್ದವು. ಎರಡನ್ನೂ ಬಳಸಲಿಲ್ಲ.

ಎಣ್ಣೆ ಬಟ್ಟಲಿಗೆ ಮುಚ್ಚಳ ಹಾಕಿ ಮಾವ ಇನ್ನೊಂದು ಮಾತು ಹೇಳಿದರು. "ಸೋತ ಮಾರನೇ ದಿನ ಮೈದಾನಕ್ಕೆ ಎಲ್ಲರಿಗಿಂತ ಮೊದಲು ಬರೋನು ನೀನೇ ಆಗಿದ್ದೆ ಕಣಯ್ಯ. ಆಟ ಬರದೋರು ಬೇಕಾದಷ್ಟು ಜನ ಸಿಗ್ತಾರೆ. ಮಾರನೇ ದಿನ ಬರೋರು ಎಷ್ಟು ಜನ?"

ನಿರೂಪಕರು ಚೀಟಿ ಕಳುಹಿಸಿದ್ದಾರೆ. "ಮುಗಿಸಿ." ಮುಗಿಸುತ್ತೇನೆ, ಇನ್ನೊಂದು ಸಣ್ಣ ವಿಷಯ ಇದೆ. ಸಣ್ಣದಲ್ಲ, ದೊಡ್ಡದೇ.

ಆವತ್ತು ಮನೆಗೆ ಬಂದು ಪಟ್ಟಿಯನ್ನು ಮತ್ತೆ ತೆಗೆದು ಕೂತೆ. ನಮ್ಮ ಮನೆಯವರು ಬಟ್ಟೆ ಮಡಚುತ್ತ ಹಿಂದಿನಿಂದ ಇಣುಕಿ ನೋಡಿದರು.

"ರೀ, ಈ ಹುಡುಗ ಮೊದಲ ಒಂಬತ್ತು ಪಂದ್ಯದಲ್ಲಿ ಎಷ್ಟು ಗೋಲು ಹೊಡೆದಿದ್ದ?"

"ಒಂಬತ್ತು."

"ಆಮೇಲೆ?"

"ಆಮೇಲಿನ ಹನ್ನೊಂದು ಪಂದ್ಯದಲ್ಲಿ ಒಂದೂ ಇಲ್ಲ. ಫಾರ್ಮ್ ಹೋಗಿದೆ" ಎಂದೆ, ದೊಡ್ಡ ತಜ್ಞನ ಹಾಗೆ.

"ಒಂಬತ್ತನೇ ಪಂದ್ಯ ಆದ ದಿನ ಏನಾಯ್ತು?"

"ಏನಾಯ್ತು? ಏನೂ ಆಗ್ಲಿಲ್ಲ. ಗೆದ್ವಿ."

ಅವರು ಕೈಯಲ್ಲಿದ್ದ ನನ್ನ ಅಂಗಿಯನ್ನು ಹಾಗೇ ಮಂಚದ ಮೇಲೆ ಹಾಕಿದರು. "ಆವತ್ತೇ ಅಲ್ವಾ ನೀವು ಸೈಕಲ್ ಸ್ಟ್ಯಾಂಡಲ್ಲಿ ಅವನಿಗೆ ಬುದ್ಧಿ ಹೇಳಿ ಬಂದೆ ಅಂತ ಮೀಸೆ ತಿರುವಿಕೊಂಡು ಬಂದಿದ್ದು?"

ಸಭಿಕರೇ, ಸೈಕಲ್ ಸ್ಟ್ಯಾಂಡಿನಲ್ಲಿ ನಾನು ಏನು ಬುದ್ಧಿ ಹೇಳಿದೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ನಮ್ಮ ಮನೆಯವರು ಕೇಳಿದ ದಿನದಿಂದ ಹೆಗಲು ಮುಟ್ಟಿಕೊಂಡೇ ತಿರುಗುತ್ತಿದ್ದೇನೆ. ಇವತ್ತು ಹೇಳಿಬಿಡುತ್ತೇನೆ. ಆ ಒಂಬತ್ತನೇ ಪಂದ್ಯದ ದಿನ ಮಧ್ಯಾಹ್ನ ನಾನು ಇವನನ್ನೂ ನನ್ನ ಮಗಳನ್ನೂ ಮೊಟ್ಟಮೊದಲು ಒಟ್ಟಿಗೆ ನೋಡಿದ್ದೆ. ಪ್ರಥಮ ಚಿಕಿತ್ಸೆ ಕೊಠಡಿಯ ಮೆಟ್ಟಿಲ ಮೇಲೆ ಕೂತು ಒಂದೇ ಪೊಟ್ಟಣದಿಂದ ಬಿಸ್ಕತ್ತು ತಿನ್ನುತ್ತಿದ್ದರು. ಅಷ್ಟೇ. ಪಂದ್ಯ ಮುಗಿದ ಮೇಲೆ, ಎರಡು ಗೋಲು ಹೊಡೆದು ಬೆವರು ಆರದೆ ನಿಂತಿದ್ದ ಹುಡುಗನನ್ನು ನಾನು ಕರೆದೆ. "ನೋಡಪ್ಪ, ನಿನ್ನ ಕೆಲಸ ಕಾಯಂ ಆಗೋ ಕಾಗದಕ್ಕೆ ಯಾರ ಸಹಿ ಬೇಕು ಅನ್ನೋದು ಗೊತ್ತಲ್ಲ? ಇನ್ಮೇಲೆ ನನ್ನ ಕಣ್ಣು ನಿನ್ನ ಮೇಲೇ ಇರುತ್ತೆ" ಎಂದೆ. ಅವನು ಒಂದೇ ಮಾತು ಹೇಳಿದ. "ಆಯ್ತು ಸರ್."

ಆಮೇಲೆ ನಾನು ಹೇಳಿದಂತೆಯೇ ಮಾಡಿದೆ. ಪ್ರತಿ ಪಂದ್ಯಕ್ಕೂ ಹೋದೆ. ಗ್ಯಾಲರಿಯಲ್ಲಿ ಮುಂದಿನ ಸಾಲಿನಲ್ಲಿ ನೋಟ್‌ಬುಕ್ಕು ಬಿಚ್ಚಿ ಕೂತೆ. ಹುಡುಗ ಚೆಂಡು ಸಿಕ್ಕಾಗಲೆಲ್ಲ ಗ್ಯಾಲರಿ ಕಡೆ ನೋಡಿದ. ನಾನು ಏನು ಬರೆದೆ? "ಗೋಲಿನ ಮುಂದೆ ಹಿಂಜರಿಕೆ. ಗಮನ ಬೇರೆ ಕಡೆ." ಹನ್ನೊಂದು ಸಲ ಬರೆದೆ. ಮಗಳು ಒಂದು ದಿನ ಊಟಕ್ಕೆ ಕೂತಾಗ ಹೇಳಿದಳು. "ಅಪ್ಪ, ನೀವು ಹಾಗೆ ನೋಡ್ತಾ ಕೂತ್ರೆ ಯಾರಿಗೂ ಗೋಲು ಹೊಡೆಯೋಕೆ ಆಗಲ್ಲ." ನಾನು ಆಗ ಅದನ್ನು ಮಕ್ಕಳಾಟದ ಮಾತು ಎಂದುಕೊಂಡೆ. ಆಮೇಲೆ ಅವಳು ಮನೆಯಲ್ಲಿ ಮಾತು ಕಡಿಮೆ ಮಾಡಿದಳು. "ಊಟ ಆಯ್ತಾ", "ಬೀಗ ಹಾಕಿ", ಇಷ್ಟೇ. ಮನೆಯಲ್ಲಿ ನಾಲ್ಕು ತಿಂಗಳಿಂದ ನಾನು ಒಬ್ಬನೇ ಜೋಕು ಹೇಳಿ ಒಬ್ಬನೇ ನಗುತ್ತಿದ್ದೇನೆ. ನಿಮಗೆ ತಮಾಷೆಯ ಮನುಷ್ಯನಂತೆ ಕಾಣುವ ಈತನಿಗೆ ಅದು ಬಹಳ ಕಷ್ಟ ಸ್ವಾಮಿ.

ಆಗಲೇ ಒಂದು ಗುಟ್ಟು ಹೇಳಿದೆನಲ್ಲ, ಡಬ್ಬ ತುಂಬದ ದಿನ ನಾವು ಒಳ್ಳೆಯ ಬಿಸ್ಕತ್ತನ್ನೇ ಮುರಿದು ಹಾಕುತ್ತಿದ್ದೆವು ಎಂದು? ನೀವೆಲ್ಲ ನಕ್ಕಿರಿ. ನಾನೂ ನಕ್ಕೆ. ಈ ಲಕೋಟೆಯಲ್ಲಿರುವ ಮೂರನೇ ಹೆಸರು ಅಂಥದ್ದು. ಆ ಹುಡುಗ ಒಡೆದಿರಲಿಲ್ಲ. ಬೆಲ್ಟಿನ ಮೇಲೆ ಸರಿಯಾಗಿಯೇ ಬರುತ್ತಿದ್ದ. ನಾನು ಎತ್ತಿಕೊಂಡೆ, ಹೆಬ್ಬೆರಳು ಇಟ್ಟೆ, ಮುರಿದೆ. ಮುರಿದದ್ದನ್ನು ಡಬ್ಬಕ್ಕೆ ಹಾಕಿ, ನೋಡಿ ಎಷ್ಟು ಚೆನ್ನಾಗಿ ಆರಿಸಿದ್ದೇನೆ ಎಂದು ಆಫೀಸಿಗೆ ತೋರಿಸಲು ಹೊರಟೆ. ನನಗೆ ನಾಚಿಕೆಯಾಗುತ್ತಿದೆ. ಆ ನಾಚಿಕೆಯನ್ನು ಮೈಕಿನಲ್ಲಿ ಹೇಳಿದರೆ ಅದು ಸ್ವಲ್ಪ ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಇನ್ನುಳಿದ ಇಬ್ಬರು? ಅಜ್ಜನ ಬಗ್ಗೆ ಕೇಳಿ. ಅವನು ಆಡಿದ್ದು ಒಂದೇ ಪಂದ್ಯ ನಿಜ. ಆದರೆ ನಮ್ಮ ಮೊದಲನೇ ಗೋಲ್‌ಕೀಪರ್ ಈ ವರ್ಷ ತಡೆದ ಆರು ಪೆನಾಲ್ಟಿಗಳಲ್ಲಿ ಪ್ರತಿಯೊಂದಕ್ಕೂ ಗೋಲಿನ ಹಿಂದೆ ನಿಂತು "ಎಡಕ್ಕೆ, ಎಡಕ್ಕೆ" ಎಂದು ಕೂಗಿದವನು ಯಾರು? ನನ್ನ ನೋಟ್‌ಬುಕ್ಕಿನಲ್ಲಿ ಕೂಗಿದ್ದಕ್ಕೆ ಅಂಕಣವೇ ಇರಲಿಲ್ಲ. ಬಾಗಿಲಿನ ವಿಷಯದಲ್ಲಿ ನಾನು ಸುಳ್ಳು ಹೇಳಲಾರೆ. ಅವನ ಕಾಲು ನಿಧಾನವಾಗಿದೆ. ಅದು ಅವನಿಗೂ ಗೊತ್ತು, ನಮಗಿಂತ ಮೊದಲು ಅವನಿಗೇ ಗೊತ್ತಾದದ್ದು. ಆದರೆ ನಮ್ಮ ಕಾರ್ಖಾನೆಯಲ್ಲಿ ಒಡೆದ ಬಿಸ್ಕತ್ತನ್ನು ಏನು ಮಾಡುತ್ತೇವೆ? ಚರಂಡಿಗೆ ಸುರಿಯುತ್ತೇವೆಯೇ? ಪುಡಿ ಮಾಡಿ ಮಾರನೇ ದಿನದ ಹಿಟ್ಟಿಗೆ ಬೆರೆಸುತ್ತೇವೆ. ನೀವು ಇವತ್ತು ಚಹಾದ ಜೊತೆ ತಿನ್ನಲಿರುವ ಬಿಸ್ಕತ್ತಿನಲ್ಲಿ ನಿನ್ನೆ ಒಡೆದದ್ದು ಇದ್ದೇ ಇದೆ, ಯಾರಾದರೂ ಗುರುತು ಹಿಡಿದರೆ ನನ್ನ ಸಂಬಳ ಕೊಡುತ್ತೇನೆ. ಬಾಗಿಲು ಮುಂದಿನ ವರ್ಷದಿಂದ ಹೊಸದಾಗಿ ಸೇರಿದವರಿಗೆ ರಕ್ಷಣೆ ಕಲಿಸಲಿ. ಹನ್ನೆರಡು ವರ್ಷ ಒಂದೇ ಜಾಗದಲ್ಲಿ ನಿಂತವನಿಗೆ ಆ ಜಾಗ ಏನು ಎಂದು ಗೊತ್ತಿರುತ್ತದೆ.

ಹಾಗಾದರೆ ಖರ್ಚು? ಕಾಲು ಭಾಗ ಇಳಿಯಲೇಬೇಕು, ಆ ಮಾತಿಗೆ ನಾನು ಬದ್ಧ. ಮಾವನ ಉಪಾಯ ಈ ಸಲ ನಡೆಯುವುದಿಲ್ಲ. ಆಫೀಸು ಮೂವತ್ತು ವರ್ಷದಲ್ಲಿ ಜಾಣವಾಗಿದೆ, "ಆಟಗಾರರು" ಎಂದು ಸ್ಪಷ್ಟವಾಗಿ ಬರೆದಿದೆ. ಆದರೆ ಅಧ್ಯಕ್ಷರೇ, ಒಂದು ವಿನಂತಿ. ಹೊರಗಿನ ಪಂದ್ಯಗಳಿಗೆ ನಾವು ಎರಡು ಬಸ್ಸು ಮಾಡುತ್ತೇವೆ. ಒಂದರಲ್ಲಿ ಹದಿನೆಂಟು ಆಟಗಾರರು. ಇನ್ನೊಂದರಲ್ಲಿ ಹದಿಮೂರು ಜನ ಸಮಿತಿಯವರು. ನಾವು ಯಾಕೆ ಹೋಗುತ್ತೇವೆ? ನಮ್ಮಲ್ಲಿ ಯಾರಾದರೂ ಈ ವರ್ಷ ಗೋಲು ಹೊಡೆದಿದ್ದೇವೆಯೇ? ಒಬ್ಬೊಬ್ಬ ಸಮಿತಿ ಸದಸ್ಯನಿಗೆ ಒಂದು ಗೋಲಿಗೆ ಎಷ್ಟು ಬಿತ್ತು ಎಂದು ಲೆಕ್ಕದವರು ಹಾಕಿ ನೋಡಲಿ, ಕ್ಯಾಲ್ಕ್ಯುಲೇಟರ್ ಹದಿಮೂರು ಸಲ ನಿಲ್ಲುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಮೊದಲು ಕರವಸ್ತ್ರ ಹುಡುಕೋಣ. ಎರಡನೇ ಬಸ್ಸು ಬೇಡ. ನಮ್ಮ ಬ್ಲೇಜರು ಬೇಡ. ಇಂಥ ಸಭೆ ಐದು ವರ್ಷಕ್ಕೊಮ್ಮೆ ಸಾಕು. ಬರಲೇಬೇಕೆನ್ನುವವರು ಆಟಗಾರರ ಬಸ್ಸಿನಲ್ಲಿ ಹಿಂದೆ ಬೂಟಿನ ಮೂಟೆಗಳ ಪಕ್ಕ ಕೂರಲಿ. ವಾಸನೆಗೆ ನಾನು ಜವಾಬ್ದಾರನಲ್ಲ. ಸಮಿತಿಯ ಮಿತ್ರರು ನನ್ನನ್ನು ನೋಡುತ್ತಿರುವ ರೀತಿ ನೋಡಿದರೆ ಈ ಸಂಜೆ ನಾನು ನಡೆದೇ ಮನೆಗೆ ಹೋಗಬೇಕಾಗಬಹುದು. ಪರವಾಗಿಲ್ಲ. ಲೆಕ್ಕದವರು ಆಗಿನಿಂದ ಬೆರಳು ಮಡಚುತ್ತಿದ್ದರು, ಈಗ ತಲೆ ಆಡಿಸುತ್ತಿದ್ದಾರೆ. ಕಾಲು ಭಾಗ ಆಗುತ್ತದೆ ಎಂದು ಅರ್ಥ. ಇನ್ನೂ ಸ್ವಲ್ಪ ಉಳಿಯುತ್ತದಂತೆ! ಉಳಿದದ್ದರಲ್ಲಿ ಅತ್ತೆಯವರಿಗೆ ಒಂದು ರೇಡಿಯೋ ಆಗಬಹುದೇ? ಬೇಡ ಬೇಡ, ಅದನ್ನು ನಾನೇ ಕೊಡಿಸುತ್ತೇನೆ.

ಎಕ್ಸ್‌ಪ್ರೆಸ್, ಎದ್ದು ನಿಲ್ಲಬೇಡಪ್ಪ, ಕೂತೇ ಕೇಳು. ನಿನ್ನ ಕಾಯಂ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ. ಗಾಬರಿಯಾಗಬೇಡ. ನಿನ್ನ ಕೆಲಸ ನೋಡಿ ಓವನ್ ವಿಭಾಗದ ಮೇಲ್ವಿಚಾರಕರು ಹಾಕುತ್ತಾರೆ, ಹಾಗೆ ವ್ಯವಸ್ಥೆ ಮಾಡಬೇಕೆಂದು ಅಧ್ಯಕ್ಷರಲ್ಲಿ ಈಗಲೇ ಕೇಳಿಕೊಳ್ಳುತ್ತೇನೆ. ನನ್ನ ಸಹಿಯ ಹೆದರಿಕೆ ನಿನಗೆ ಇರಬಾರದು. ಮುಂದಿನ ಪಂದ್ಯಕ್ಕೆ ನಾನು ಗ್ಯಾಲರಿಗೆ ಬರುವುದಿಲ್ಲ, ಹೊರಗೆ ಗೋಡೆಯ ಆಚೆ ನಿಂತು ಕೂಗು ಕೇಳಿಸಿಕೊಳ್ಳುತ್ತೇನೆ. ಗೋಲಿಲ್ಲದ ಆ ಹನ್ನೊಂದು ಪಂದ್ಯಗಳ ಮಾರನೇ ದಿನವೂ ನೀನು ಅಭ್ಯಾಸಕ್ಕೆ ಬಂದೆ. ನನ್ನ ವಿಭಾಗಕ್ಕೂ ಬಂದೆ, ನನ್ನ ಮುಖ ನೋಡಿ "ನಮಸ್ತೆ ಸರ್" ಅಂದೆ. ನಮ್ಮ ಮಾವ ಹೇಳಿದ ಆ ಮಾರನೇ ದಿನ ಬರುವವರು ಅಪರೂಪ ಎಂದು ನನಗೆ ಈಗ ತಿಳಿಯಿತು. ಭಾನುವಾರ ಪಂದ್ಯ ಮುಗಿದ ಮೇಲೆ ನಮ್ಮ ಮನೆಗೆ ಊಟಕ್ಕೆ ಬಾ. ಗೋಲು ಹೊಡೆದರೂ ಬಾ, ಹೊಡೆಯದಿದ್ದರೂ ಬಾ. ನಮ್ಮ ಗೋಲಿಗೇ ಹೊಡೆದರೂ ಬಾ, ಆ ವಿಷಯದಲ್ಲಿ ನಮ್ಮ ಮನೆತನಕ್ಕೆ ಅನುಭವ ಇದೆ.

ಮಗಳೇ, ನೀನು ಕೊನೆಯ ಸಾಲಿನಲ್ಲಿ ಕಂಬದ ಹಿಂದೆ ನಿಂತಿದ್ದೀಯ ಎಂದು ನನಗೆ ಗೊತ್ತು. ಮನೆಗೆ ಹೋದ ಮೇಲೆ "ಬೀಗ ಹಾಕಿ" ಎನ್ನುವುದಕ್ಕಿಂತ ಒಂದು ಮಾತು ಹೆಚ್ಚಿಗೆ ಆಡಮ್ಮ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ತಮಗೂ, ನಡುವೆ ಎದ್ದು ಹೋಗದ ಅಧ್ಯಕ್ಷರಿಗೂ, ಮೂವತ್ತು ವರ್ಷದ ಹಿಂದೆ ನನ್ನನ್ನು ಬಿಡದ ಸನ್ಮಾನಿತರಿಗೂ ನಾನು ಕೃತಜ್ಞ. ಈ ಲಕೋಟೆಯನ್ನು ಒಡೆಯದೆ ಅಧ್ಯಕ್ಷರ ಮೇಜಿನ ಮೇಲೆ ಇಡುತ್ತಿದ್ದೇನೆ. ಒಳಗಿನ ಮೂರು ಹೆಸರುಗಳನ್ನು ನಾನು ವಾಪಸು ತೆಗೆದುಕೊಂಡಿದ್ದೇನೆ. ಮೇಲ್ವಿಚಾರಕರು ನನ್ನ ಡಬ್ಬ ಎತ್ತಿ ನೋಡಬಹುದು, ಇವತ್ತು ಖಾಲಿ ಇದೆ. ನಿದ್ದೆ ಮಾಡಿಲ್ಲ ಸ್ವಾಮಿ, ಚೆನ್ನಾಗಿ ನೋಡಿಯೇ ಹೇಳುತ್ತಿದ್ದೇನೆ.

ಎಲ್ಲರಿಗೂ ನಮಸ್ಕಾರ.